ನಗರದ ಬಿಸಿಲೂ ಸಾಲುಮರದ ನೆರಳೂ

ನಗರಗಳಲ್ಲಿ ಬೇಸಗೆಯ ತಾಪವು ಹೆಚ್ಚುತ್ತಿದೆಯೆಂಬುದು ಇಂದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಹಿತಕರವಾದ ಹವೆಗೆ ಹೆಸರಾಗಿ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೇ ೨೦೧೬ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಉಷ್ಣಮಾನವು ೩೯.೨ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು. ಮನೆಯೊಳಗೂ ಕಛೇರಿಯೊಳಗೂ ಇರುವವರು ಬೀಸಣಿಗೆಯಿಂದಲೋ ಯಂತ್ರದಿಂದಲೋ ತಂಪನ್ನು ಪಡೆಯಬಹುದು. ಆದರೆ ಬೀದಿಯಲ್ಲಿಯೇ ದುಡಿಯುವವರಿಗೆ, ಬಸ್ಸಿಗಾಗಿ ಕಾಯುವವರಿಗೆ, ಶಾಲೆಯಿಂದ ನಡೆದು ಬರುವ ಮಕ್ಕಳಿಗೆ ಇರುವ ಒಂದೇ ಆಸರೆ ನೆರಳು. ಬಯಲನ್ನು ತಂಪಾಗಿಸಲು ಮರಕ್ಕಿಂತ ಸುಲಭವಾದ ಸಾಧನವನ್ನು ಮನುಷ್ಯನು ಇನ್ನೂ ಕಂಡುಹಿಡಿದಿಲ್ಲ. ಮರವು ಈ ಕಾರ್ಯವನ್ನು ಹೇಗೆ ನೆರವೇರಿಸುತ್ತದೆ, ಎಂತಹ ಮರ ಎಲ್ಲಿ ಇದ್ದರೆ ಅದು ಸಫಲವಾಗುತ್ತದೆ, ಇದರಲ್ಲಿ ನಮ್ಮ ಪೂರ್ವಿಕರ ಅನುಭವವೇನು ಎಂಬುದನ್ನು ಬೆಂಗಳೂರನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ಇದು ವಿಜ್ಞಾನದ ಅಧ್ಯಾಪಕರು ಬರೆಯಬೇಕಾದ ವಿಷಯವಲ್ಲವೆ ಎಂದು ವಾಚಕರು ಕೇಳಬಹುದು. ಆದರೆ ಬೀದಿಯ ಮರವೆಂಬುದು ಸಸ್ಯವಷ್ಟೇ ಅಲ್ಲ. ಅದೊಂದು ಲೋಕೋಪಯೋಗಿ ಕಾಮಗಾರಿ. ಅದನ್ನು ನೆಟ್ಟವರು ಒಂದು ತಲೆಮಾರಿನವರು, ಅದರ ಫಲವನ್ನುಣ್ಣುವವರು ಇನ್ನೊಂದು ತಲೆಮಾರಿನವರು. ಐವತ್ತು ಅರವತ್ತು ವರ್ಷಗಳ ಅವಧಿಯನ್ನು ಒಟ್ಟಾಗಿ ನೋಡದೆ ಅದರ ಬೆಲೆಯನ್ನು ತಿಳಿಯಲಾಗದು. ಆದಕಾರಣ ಇತಿಹಾಸದ ಅಭ್ಯಾಸಿಗೂ ಇಲ್ಲಿ ಹೇಳತಕ್ಕ ಮಾತುಂಟು.

ನಗರವು ಕಾಯುವ ಬಗೆ

ನಗರವು ತನ್ನ ಸುತ್ತಲಿನ ಹಳ್ಳಿಗಾಡಿಗಿಂತ ಬಿಸಿಯಾಗಿರುತ್ತದೆಂಬುದನ್ನು ಮೊದಲು ಕ್ರಮಬದ್ಧವಾಗಿ ಅಳೆದು ತೋರಿಸಿದವನು ಲಂಡನ್ನಿನ ಲ್ಯೂಕ್ ಹೊವಾರ್ಡ್. ಆ ನಗರದ ಹವಾಗುಣವನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟವು ೧೮೧೮ರಲ್ಲಿಯೂ ಎರಡನೆಯದು ೧೮೨೦ರಲ್ಲಿಯೂ ಪ್ರಕಟವಾದವು. ನಗರ ಮತ್ತು ಹೊರವಲಯಗಳ ಉಷ್ಣಮಾನದ ಅಂತರವು ರಾತ್ರಿಯ ವೇಳೆ ಹೆಚ್ಚಾಗಿರುವುದನ್ನು ಅವನು ಗುರುತಿಸಿದನು. ಇದಕ್ಕೆ ಕಾರಣ ಗಹನವೇನಲ್ಲ. ಕಲ್ಲು, ಇಟ್ಟಿಗೆ, ಕಾಂಕ್ರೀಟು ಮತ್ತು ಡಾಂಬರು ಹಗಲೆಲ್ಲ ಸೂರ್ಯನ ಶಾಖವನ್ನು ಹೀರಿಕೊಂಡು ಸಂಜೆಯಾದ ಮೇಲೆ ನಿಧಾನವಾಗಿ ಹೊರಬಿಡುತ್ತವೆ. ಹಸಿಮಣ್ಣೂ ಹುಲ್ಲೂ ಇದ್ದ ಕಡೆ ಶಾಖದ ಬಹುಭಾಗವು ನೀರನ್ನು ಆವಿಯಾಗಿಸುವುದರಲ್ಲಿ ವೆಚ್ಚವಾಗುತ್ತದೆ. ಮುಚ್ಚಿದ ನೆಲದಲ್ಲಿ ನೀರಿಲ್ಲ. ಹೀಗಾಗಿ ಶಾಖವೆಲ್ಲವೂ ನೆಲವನ್ನೂ ಗಾಳಿಯನ್ನೂ ಕಾಯಿಸುವುದಕ್ಕೇ ಉಳಿಯುತ್ತದೆ. ಇದರೊಡನೆ ವಾಹನಗಳೂ ಯಂತ್ರಗಳೂ ಹೊರಸೂಸುವ ಬಿಸಿ ಸೇರುತ್ತದೆ.

ಮರವು ತಂಪನ್ನೀಯುವ ಎರಡು ಮಾರ್ಗಗಳು

ಮರವು ಎರಡು ಬಗೆಯಿಂದ ತಂಪನ್ನುಂಟುಮಾಡುತ್ತದೆ. ಮೊದಲನೆಯದು ನೆರಳು. ಸೂರ್ಯನ ಕಿರಣಗಳು ನೆಲವನ್ನು ಮುಟ್ಟುವ ಮೊದಲೇ ಎಲೆಗಳ ಹಂದರವು ಅವನ್ನು ತಡೆಯುತ್ತದೆ. ಎರಡನೆಯದು ಬಾಷ್ಪವಿಸರ್ಜನೆ. ಬೇರು ಮಣ್ಣಿನಿಂದ ಹೀರಿದ ನೀರು ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಆವಿಯಾಗುವಾಗ ಅದು ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ.

ಈ ಎರಡನೆಯ ಕ್ರಿಯೆಯ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಧಾರಣ ಉಷ್ಣಮಾನದಲ್ಲಿ ಒಂದು ಗ್ರಾಂ ನೀರು ಆವಿಯಾಗುವುದಕ್ಕೆ ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ನೀರಿನ ಆಸರೆಯುಳ್ಳ ಒಂದು ದೊಡ್ಡ ಮರವು ದಿನವೊಂದಕ್ಕೆ ೧೦೦ ಲೀಟರು ನೀರನ್ನು ಆವಿಯಾಗಿಸಿತೆಂದು ಇಟ್ಟುಕೊಳ್ಳೋಣ. ಅದಕ್ಕಾಗಿ ಅದು ಹೀರುವ ಶಾಖವು ಸುಮಾರು ೬೭ ಯೂನಿಟ್ಟು ವಿದ್ಯುಚ್ಛಕ್ತಿಗೆ ಸಮನಾಗುತ್ತದೆ. ಒಂದು ಕಿಲೋವಾಟಿನ ಇಸ್ತ್ರಿಪೆಟ್ಟಿಗೆಯನ್ನು ೬೭ ಗಂಟೆಗಳ ಕಾಲ ಉರಿಸಿದರೆ ಹುಟ್ಟುವಷ್ಟು ಶಾಖವನ್ನು ಒಂದು ಮರವು ಒಂದೇ ದಿನದಲ್ಲಿ ಸದ್ದಿಲ್ಲದೆ ಅಡಗಿಸುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಬಯಲಿನಲ್ಲಿ ಗಾಳಿಯು ನಿಲ್ಲುವುದಿಲ್ಲ. ತಂಪಾದ ಗಾಳಿ ತೇಲಿಹೋಗಿ ಬಿಸಿಗಾಳಿ ಬರುತ್ತಲೇ ಇರುತ್ತದೆ. ಆದ್ದರಿಂದ ಒಂಟಿ ಮರದ ಕೆಳಗೆ ಗಾಳಿಯ ಉಷ್ಣಮಾನವು ಇಳಿಯುವುದು ಸ್ವಲ್ಪವೇ. ಆದರೂ ಅಲ್ಲಿ ನಿಂತವನಿಗೆ ದೊಡ್ಡ ವ್ಯತ್ಯಾಸ ತೋರುವುದೇಕೆ? ಮನುಷ್ಯನ ದೇಹವು ಗಾಳಿಯಿಂದ ಮಾತ್ರವಲ್ಲದೆ, ಮೇಲಿನಿಂದ ಬೀಳುವ ಬಿಸಿಲಿನಿಂದಲೂ, ಕಾದ ನೆಲ ಗೋಡೆಗಳು ಸೂಸುವ ವಿಕಿರಣದಿಂದಲೂ ಬಿಸಿಯಾಗುತ್ತದೆ. ನೆರಳು ಇವೆರಡನ್ನೂ ಏಕಕಾಲದಲ್ಲಿ ಕಡಿಮೆ ಮಾಡುತ್ತದೆ. ನೆರಳಿನಲ್ಲಿದ್ದ ನೆಲವು ಹಗಲಿನಲ್ಲಿ ಕಾಯದೆ ಇದ್ದುದರಿಂದ ಸಂಜೆ ಸೂಸುವ ಶಾಖವೂ ಅಲ್ಪವೇ. ಆದ್ದರಿಂದ ಬೀದಿಯ ಹಿತಕ್ಕೆ ನೆರಳೇ ಪ್ರಧಾನ, ಬಾಷ್ಪವಿಸರ್ಜನೆಯು ಅದಕ್ಕೆ ಪೂರಕ ಎಂದು ತಿಳಿಯುವುದು ಯುಕ್ತ.

ಬೆಂಗಳೂರಿನ ಬೀದಿಗಳಲ್ಲಿಯೇ ಇದನ್ನು ಅಳೆದಿದ್ದಾರೆ. ಹರಿಣಿ ನಾಗೇಂದ್ರರೂ ಅವರ ಸಹೋದ್ಯೋಗಿಗಳೂ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರಗಳುಳ್ಳ ಬೀದಿಯ ಭಾಗಗಳನ್ನೂ ಮರಗಳಿಲ್ಲದ ಭಾಗಗಳನ್ನೂ ಹೋಲಿಸಿ ನೋಡಿದರು. ಅಪರಾಹ್ನದಲ್ಲಿ ಮರಗಳುಳ್ಳೆಡೆಯ ಗಾಳಿಯು ೫.೬ ಡಿಗ್ರಿಗಳವರೆಗೆ ತಂಪಾಗಿತ್ತು. ಡಾಂಬರಿನ ಮೇಲ್ಮೈಯ ಉಷ್ಣಮಾನದಲ್ಲಿಯಾದರೋ ೨೭.೫ ಡಿಗ್ರಿಗಳವರೆಗೆ ಅಂತರವಿತ್ತು. ಇವು ಗರಿಷ್ಠ ಅಂತರಗಳೇ ಹೊರತು ಸರಾಸರಿಯಲ್ಲ. ಆದರೂ ಗಾಳಿಯ ಅಂತರಕ್ಕಿಂತ ನೆಲದ ಅಂತರವು ಹಲವು ಪಟ್ಟು ದೊಡ್ಡದಾಗಿರುವುದನ್ನು ವಾಚಕರು ಗಮನಿಸಬೇಕು. ಮೇಲೆ ಹೇಳಿದ ತತ್ತ್ವವು ಇದರಿಂದ ಪುಷ್ಟಿಗೊಳ್ಳುತ್ತದೆ.

ನಮ್ಮ ಅಕ್ಷಾಂಶದ ವಿಶೇಷ

ಕಟ್ಟಡಗಳ ನೆರಳೇ ಸಾಲದೆ ಎಂಬ ಪ್ರಶ್ನೆ ಏಳಬಹುದು. ಉತ್ತರದ ಶೀತದೇಶಗಳಲ್ಲಿ ಸೂರ್ಯನು ಮಧ್ಯಾಹ್ನದಲ್ಲಿಯೂ ಓರೆಯಾಗಿರುವುದರಿಂದ ಗೋಡೆಗಳ ನೆರಳು ಉದ್ದವಾಗಿ ಬೀಳುತ್ತದೆ. ನಮ್ಮ ಸ್ಥಿತಿ ಬೇರೆ. ಬೆಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪ್ರತಿ ವರ್ಷ ಏಪ್ರಿಲ್ ೨೪ರ ಸುಮಾರಿನಲ್ಲಿ ಮಧ್ಯಾಹ್ನದ ಸೂರ್ಯನು ಅಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಅಂದರೆ ವರ್ಷದ ಅತ್ಯಂತ ಬಿಸಿಯಾದ ದಿನಗಳಲ್ಲಿ, ದಿನದ ಅತ್ಯಂತ ಪ್ರಖರವಾದ ಹೊತ್ತಿನಲ್ಲಿ, ಎತ್ತರದ ಗೋಡೆಯು ದಾರಿಹೋಕನಿಗೆ ಯಾವ ಉಪಕಾರವನ್ನೂ ಮಾಡದು. ತಲೆಯ ಮೇಲೆ ಹರಡಿದ ಕೊಂಬೆಯೊಂದೇ ಮಾಡಬಲ್ಲುದು.

ಮಧ್ಯಾಹ್ನ ಕಳೆದು ಸೂರ್ಯನು ಪಶ್ಚಿಮಕ್ಕೆ ವಾಲಿದ ಮೇಲೆ, ಉತ್ತರ ದಕ್ಷಿಣವಾಗಿ ಹಾಯ್ದ ಬೀದಿಗಳಲ್ಲಿ ಪಡುವಣ ಸಾಲಿನ ಮನೆಗಳ ನೆರಳು ದಾರಿಗೆ ಬೀಳುತ್ತದೆ. ಪೂರ್ವ ಪಶ್ಚಿಮವಾಗಿ ಹಾಯ್ದ ಬೀದಿಗೆ ಆ ಭಾಗ್ಯವಿಲ್ಲ. ಬಿಸಿಲು ಬೀದಿಯ ಉದ್ದಕ್ಕೂ ಹರಿಯುತ್ತದೆ. ನೆಡುವುದಕ್ಕೆ ಹಣವೂ ಜಾಗವೂ ಮಿತವಾಗಿದ್ದಲ್ಲಿ ಇಂತಹ ಬೀದಿಗಳಿಗೆ ಮೊದಲ ಸ್ಥಾನ ಸಲ್ಲಬೇಕು.

ಪೂರ್ವಿಕರ ಪದ್ಧತಿ

ನೆರಳನ್ನು ಆಳುವವರ ಕರ್ತವ್ಯವೆಂದು ಬಗೆದುದು ನಮ್ಮ ದೇಶದಲ್ಲಿ ಹಳೆಯ ವಿಚಾರ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ಅಶೋಕನು, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಬೆಳೆಸಿದುದನ್ನೂ, ಬಾವಿಗಳನ್ನು ತೋಡಿಸಿದುದನ್ನೂ ತಿಳಿಸಿದ್ದಾನೆ. ನೆರಳಿನ ಜೊತೆಯಲ್ಲಿಯೇ ನೀರನ್ನು ಹೇಳಿರುವುದು ಇಲ್ಲಿ ಗಮನಾರ್ಹ.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ದೇಗುಲಗಳ ಸಾಲಿನಲ್ಲಿ ಆರವೆಯೆಂದರೆ ತೋಪು ಹಾಕಿಸುವುದನ್ನೂ, ಅರವಟ್ಟಿಗೆಯನ್ನು ನಡೆಸುವುದನ್ನೂ ಪುಣ್ಯಕಾರ್ಯಗಳಾಗಿ ಎಣಿಸಿರುವುದುಂಟು. ದಾನಶಾಸನಗಳ ಕೊನೆಯಲ್ಲಿ ಧರ್ಮವನ್ನು ಅಳಿಪಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವು ತಟ್ಟುವುದೆಂಬ ಶಾಪಾಶಯವು ಬರುವುದನ್ನು ವಿದ್ಯಾರ್ಥಿಗಳು ಬಲ್ಲರು. ಇದನ್ನು ಬರಿಯ ಸಂಪ್ರದಾಯವೆಂದು ತಳ್ಳಿಹಾಕುವುದು ಸರಿಯಲ್ಲ. ಮಾಡುವುದಕ್ಕಿಂತ ಮಾಡಿದುದನ್ನು ಉಳಿಸಿಕೊಳ್ಳುವುದು ಕಷ್ಟವೆಂಬ ಅನುಭವವು ಅದರಲ್ಲಿ ಅಡಗಿದೆ.

ಹಳ್ಳಿಗಳ ಅಂಚಿನ ಗುಂಡುತೋಪು, ಹಾದಿಯ ಸಾಲುಮರ, ಊರ ನಡುವಣ ಅಶ್ವತ್ಥಕಟ್ಟೆ ಇವು ಮೂರೂ ಇದೇ ಪರಂಪರೆಗೆ ಸೇರಿದವು. ಗುಂಡುತೋಪು ಗಾಡಿಗಳು ತಂಗುವ ಸ್ಥಳ. ಕಟ್ಟೆಯು ನ್ಯಾಯಪಂಚಾಯಿತಿಯ ಸ್ಥಳ. ಇವುಗಳಲ್ಲಿ ನೆರಳು ಅಲಂಕಾರವಾಗಿರಲಿಲ್ಲ, ಉಪಯೋಗವಾಗಿತ್ತು. ನಮ್ಮ ಕಾಲದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರು ಸಾಲುಮರದ ತಿಮ್ಮಕ್ಕನವರು. ಮಾಗಡಿ ಸೀಮೆಯ ಹುಲಿಕಲ್ಲಿಗೂ ಕುದೂರಿಗೂ ನಡುವಿನ ಹಾದಿಯಲ್ಲಿ ಅವರೂ ಅವರ ಪತಿಯೂ ಆಲದ ಸಸಿಗಳನ್ನು ನೆಟ್ಟು, ದೂರದಿಂದ ಬಿಂದಿಗೆಗಳಲ್ಲಿ ನೀರು ಹೊತ್ತುತಂದು ಎರೆದು, ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ಸಂದಿತು. ನೆಟ್ಟುದು ಒಂದು ದಿನದ ಕೆಲಸ. ನೀರೆರೆದುದು ಹಲವು ವರ್ಷಗಳ ಕೆಲಸ. ಅವರ ಹೆಸರನ್ನು ಸ್ಮರಿಸುವಾಗ ಈ ಎರಡನೆಯದನ್ನು ಮರೆಯಬಾರದು.

ಬೆಂಗಳೂರಿನ ಮರಗಳ ಚರಿತ್ರೆ

ಬೆಂಗಳೂರಿನ ಹಸಿರು ಪ್ರಕೃತಿದತ್ತವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುತಃ ಅದರ ಬಹುಭಾಗವು ಮನುಷ್ಯಕೃತ. ಹೈದರ್ ಅಲಿಯು ೧೭೬೦ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದನು. ಟಿಪ್ಪುವಿನ ಕಾಲದಲ್ಲಿ ಅದು ಮುಂದುವರಿಯಿತು. ೧೮೭೦ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಕಬ್ಬನ್ ಉದ್ಯಾನವು ರೂಪುಗೊಂಡಿತು. ಜರ್ಮನಿಯ ಜಿ. ಎಚ್. ಕ್ರುಂಬಿಗೆಲ್ ಅವರು ೧೯೦೮ರಲ್ಲಿ ಬರೋಡದಿಂದ ಬಂದು ೧೯೩೨ರವರೆಗೆ ಮೈಸೂರು ಸಂಸ್ಥಾನದ ತೋಟಗಾರಿಕೆಯ ಹೊಣೆಯನ್ನು ಹೊತ್ತಿದ್ದರು. ಒಂದು ಜಾತಿಯ ಹೂ ಮುಗಿಯುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ಜೋಡಿಸಿದ ಕೀರ್ತಿ ಅವರದು. ದಕ್ಷಿಣ ಅಮೆರಿಕದ ಮಳೆಮರ, ಜಕರಂದ, ಮಡಗಾಸ್ಕರಿನ ಗುಲ್‌ಮೊಹರ್ ಮುಂತಾದ ಹೊರನಾಡಿನ ಜಾತಿಗಳು ನಮ್ಮ ಹೊಂಗೆ, ಅರಳಿ, ನೇರಳೆಗಳ ಜೊತೆಯಲ್ಲಿ ಈ ನಗರದ ಬೀದಿಗಳಲ್ಲಿ ನೆಲೆಯೂರಿದವು. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ಹೊಸ ಬಡಾವಣೆಗಳಲ್ಲಿ ನೆಟ್ಟು, ಬೇಲಿ ಕಟ್ಟಿ ಕಾಪಾಡಲಾಯಿತು. ಇಂದು ಆ ಬಡಾವಣೆಗಳಲ್ಲಿ ನಡೆದಾಡುವವರು ಅನುಭವಿಸುತ್ತಿರುವುದು ಆ ದಶಕದ ದುಡಿಮೆಯ ಫಲವನ್ನು.

ಅನಂತರದ ಕಥೆ ಸಂತೋಷದ್ದಲ್ಲ. ವಾಹನಗಳು ಹೆಚ್ಚಿದಂತೆ ರಸ್ತೆಗಳನ್ನು ಅಗಲಿಸುವ ಕಾರ್ಯವು ಮೊದಲಾಯಿತು. ಹಳೆಯ, ವಿಶಾಲವಾದ ಮರಗಳಿದ್ದುದು ಅಗಲವಾದ ರಸ್ತೆಗಳಲ್ಲಿಯೇ. ಅಗಲಿಸುವ ಕೆಲಸಕ್ಕೆ ಆರಿಸಿಕೊಂಡುದೂ ಬಹುಮಟ್ಟಿಗೆ ಅಂತಹ ರಸ್ತೆಗಳನ್ನೇ. ಹೊಸದಾಗಿ ನೆಟ್ಟುವಾದರೋ ಹೆಚ್ಚಾಗಿ ಕಿರಿದಾದ ಹಂದರದ ಸಣ್ಣ ಜಾತಿಗಳು. ಮರಗಳನ್ನು ಕಡಿಯಲು ಅಧಿಕಾರಿಯ ಅನುಮತಿ ಬೇಕೆಂದು ವಿಧಿಸುವ ಕರ್ನಾಟಕ ವೃಕ್ಷಸಂರಕ್ಷಣಾ ಅಧಿನಿಯಮವು ೧೯೭೬ರಿಂದಲೂ ಇದೆ. ಆದರೆ ಕಾಯಿದೆಯು ಅನುಮತಿಯ ಕ್ರಮವನ್ನು ಹೇಳಬಲ್ಲುದೇ ಹೊರತು, ನೆರಳಿನ ಬೆಲೆಯನ್ನು ಜನರ ಮನಸ್ಸಿಗೆ ತಾನೇ ಮುಟ್ಟಿಸಲಾರದು.

ಒಂದಕ್ಕೆ ಹತ್ತು ಎಂಬ ಲೆಕ್ಕ

ಕಡಿದ ಒಂದು ಮರಕ್ಕೆ ಪ್ರತಿಯಾಗಿ ಹತ್ತು ಸಸಿಗಳನ್ನು ನೆಟ್ಟರೆ ನಷ್ಟ ತುಂಬಿಬರುವುದೆಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಪರೀಕ್ಷಿಸುವುದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. ಹಂದರವು ೨೦ ಮೀಟರು ವ್ಯಾಸಕ್ಕೆ ಹರಡಿದ ಮಳೆಮರವೊಂದು ಸುಮಾರು ೩೧೪ ಚದರ ಮೀಟರು ನೆಲವನ್ನು ಮುಚ್ಚುತ್ತದೆ. ಒಂದು ಮೀಟರು ವ್ಯಾಸದ ಸಸಿಯು ಮುಚ್ಚುವುದು ಒಂದು ಚದರ ಮೀಟರಿಗೂ ಕಡಿಮೆ. ಹತ್ತು ಸಸಿಗಳು ಸೇರಿದರೂ ೮ ಚದರ ಮೀಟರಾಗಲಾರದು. ಹಂದರದ ವಿಸ್ತಾರವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಅದೇ ನೆರಳನ್ನು ಇಂದೇ ಪಡೆಯಬೇಕಾದರೆ ಅಂತಹ ೪೦೦ ಸಸಿಗಳು ಬೇಕು. ಅಲ್ಲದೆ ಸಸಿಯ ನೆರಳು ಮನುಷ್ಯನ ಮೊಣಕಾಲಿಗೆ ಬೀಳುತ್ತದೆಯೇ ವಿನಾ ತಲೆಗೆ ಬೀಳುವುದಿಲ್ಲ. ಆ ಹತ್ತೂ ಸಸಿಗಳು ಬದುಕಿದರೂ ಹಳೆಯ ಮರದ ಸ್ಥಾನವನ್ನು ತುಂಬುವುದು ಮುಂದಿನ ತಲೆಮಾರಿನವರ ಕಾಲಕ್ಕೆ. ಅದೂ ಬೇರೆಲ್ಲೋ ಊರಾಚೆಯಲ್ಲಿ ನೆಡದೆ ಅದೇ ಬೀದಿಯಲ್ಲಿ ನೆಟ್ಟಿದ್ದರೆ ಮಾತ್ರ.

ಈ ನಡುವಿನ ಮೂವತ್ತು ನಲವತ್ತು ವರ್ಷಗಳ ಬಿಸಿಲನ್ನು ಹೊರುವವರು ಯಾರು? ಮುಚ್ಚಿದ ಕಾರಿನಲ್ಲಿ ಹೋಗುವವನಿಗೆ ಅದು ತಿಳಿಯದು. ತಳ್ಳುಗಾಡಿಯ ಹಣ್ಣಿನವನು, ರಸ್ತೆ ಗುಡಿಸುವ ಪೌರಕಾರ್ಮಿಕಳು, ಮರದಡಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವನು, ಚೌಕದಲ್ಲಿ ನಿಂತ ಪೊಲೀಸಿನವನು ಇವರು ಹೊರುತ್ತಾರೆ. ಮರವು ಹೋದೊಡನೆ ಚಪ್ಪಲಿ ಹೊಲಿಯುವವನ ಅಂಗಡಿಯೂ ಹೋಯಿತು. ಏಕೆಂದರೆ ಆ ನೆರಳೇ ಅವನ ಅಂಗಡಿ. ನಗರದ ಲೆಕ್ಕಪತ್ರಗಳಲ್ಲಿ ಈ ನಷ್ಟಕ್ಕೆ ಅಂಕಣವಿಲ್ಲ.

ಜಾತಿ, ಸ್ಥಳ, ಪೋಷಣೆ

ಯಾವ ಮರವನ್ನು ನೆಡಬೇಕೆಂಬುದು ಊರಿನ ಹವೆಯನ್ನು ಅವಲಂಬಿಸಿದೆ. ಬೆಂಗಳೂರಿನಲ್ಲಿ ಜಕರಂದ, ತಬೇಬುಯ ಮುಂತಾದವು ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಎಲೆಯುದುರಿಸಿ ಹೂವಿನಿಂದ ತುಂಬಿ ನಿಲ್ಲುತ್ತವೆ. ಕಣ್ಣಿಗೆ ಅದು ಹಬ್ಬವಾದರೂ, ಬಿಸಿಲು ಏರುವ ಆ ದಿನಗಳಲ್ಲಿ ಅವುಗಳ ನೆರಳು ವಿರಳ. ಹೊಂಗೆಯಾದರೋ ಬೇಸಗೆಯ ಮೊದಲಿನಲ್ಲಿ ಹಳೆಯ ಎಲೆಯನ್ನು ಕಳಚಿ ಯುಗಾದಿಯ ಸುಮಾರಿಗೆ ಹೊಸ ಎಲೆಗಳಿಂದ ದಟ್ಟವಾಗುತ್ತದೆ. ನೆರಳು ಬೇಕಾದ ಕಾಲಕ್ಕೆ ಸರಿಯಾಗಿ ಒದಗುತ್ತದೆ. ಹೂಮರಗಳು ಬೇಡವೆಂದಲ್ಲ, ನಡೆದಾಡುವ ಬೀದಿಯಲ್ಲಿ ನೆರಳಿನ ಮರಕ್ಕೆ ಅಗ್ರಸ್ಥಾನವಿರಲಿ ಎಂದಷ್ಟೇ ಇಲ್ಲಿನ ಅಭಿಪ್ರಾಯ.

ಬೆಂಗಳೂರಿನ ನಿಯಮವನ್ನು ಎಲ್ಲ ಊರುಗಳಿಗೂ ಹಾಗೆಯೇ ಅನ್ವಯಿಸಲಾಗದು. ಮಂಗಳೂರಿನಂತಹ ಕರಾವಳಿಯ ಪಟ್ಟಣದಲ್ಲಿ ಗಾಳಿಯು ಮೊದಲೇ ತೇವದಿಂದ ಕೂಡಿರುವುದರಿಂದ ಬಾಷ್ಪವಿಸರ್ಜನೆಯ ಉಪಕಾರ ಅಲ್ಪ. ಅಲ್ಲಿ ನೆರಳೂ ಬೇಕು, ಬೆವರನ್ನು ಆರಿಸುವ ಕಡಲ ಗಾಳಿಗೆ ಎಡೆಯೂ ಬೇಕು. ಕೆಳಗೆ ಪೊದೆಗಳನ್ನು ಒತ್ತಾಗಿ ಬೆಳೆಸದೆ, ಎತ್ತರದಲ್ಲಿ ಕವಲೊಡೆಯುವ ಮರಗಳನ್ನು ಬೆಳೆಸುವುದು ಲೇಸು. ಕಲಬುರಗಿಯಂತಹ ಒಣಪ್ರದೇಶದಲ್ಲಿ ಒಣಗಾಳಿಯು ಆವಿಯನ್ನು ಬೇಗನೆ ಹೀರುವುದರಿಂದ ತಂಪಿನ ಸಾಧ್ಯತೆ ಹೆಚ್ಚು. ಆದರೆ ನೀರು ಕಡಿಮೆ. ಮಣ್ಣು ಒಣಗಿದಾಗ ಮರವು ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಬಾಷ್ಪವಿಸರ್ಜನೆಯೂ ನಿಲ್ಲುತ್ತದೆ. ಅಂತಹ ಕಡೆ ಬೇವಿನಂತೆ ಬರವನ್ನು ತಾಳುವ ಮರಗಳನ್ನು ನೆಟ್ಟು, ಮೊದಲ ಕೆಲವು ಬೇಸಗೆಗಳಲ್ಲಿ ನೀರೆರೆಯಬೇಕು.

ಇನ್ನೊಂದು ಮಿತಿಯೂ ಉಂಟು. ತೀರ ಇಕ್ಕಟ್ಟಾದ ಬೀದಿಯನ್ನು ಮರಗಳು ಚಪ್ಪರದಂತೆ ಪೂರ್ತಿಯಾಗಿ ಮುಚ್ಚಿದರೆ, ರಾತ್ರಿ ನೆಲದ ಶಾಖವು ಆಕಾಶಕ್ಕೆ ಏರಲು ಅಡ್ಡಿಯಾಗುತ್ತದೆ. ವಾಹನಗಳ ಹೊಗೆಯೂ ಕೆಳಗೇ ನಿಲ್ಲಬಹುದು. ಹಂದರದ ನಡುವೆ ಅಲ್ಲಲ್ಲಿ ತೆರವಿರುವುದು ಮೇಲು.

ಪೋಷಣೆಯ ವಿಷಯದಲ್ಲಿ ನಮ್ಮ ಅಲಕ್ಷ್ಯವು ಅತಿಯಾಗಿದೆ. ಕಾಲುದಾರಿಯನ್ನು ನವೀಕರಿಸುವಾಗ ಕಾಂಡದ ಬುಡದವರೆಗೂ ಕಾಂಕ್ರೀಟನ್ನು ಸುರಿಯುತ್ತಾರೆ. ಮಳೆಯ ನೀರೂ ಗಾಳಿಯೂ ಬೇರಿಗೆ ಇಳಿಯದಂತಾಗುತ್ತದೆ. ಚರಂಡಿಗಾಗಿಯೂ ತಂತಿಗಳಿಗಾಗಿಯೂ ಅಗೆಯುವಾಗ ಬೇರುಗಳನ್ನು ಒಂದು ಮಗ್ಗುಲಿನಲ್ಲಿ ಕತ್ತರಿಸುತ್ತಾರೆ. ಕೊಂಬೆಗಳನ್ನೂ ಒಂದೇ ಮಗ್ಗುಲಿನಲ್ಲಿ ಸವರುತ್ತಾರೆ. ಹೀಗೆ ಸಮತೋಲ ತಪ್ಪಿದ ಮರವು ಮುಂಗಾರಿನ ಮುಂಚಿನ ಬಿರುಗಾಳಿಗೆ ಉರುಳಿದಾಗ, ಮರವೇ ಅಪಾಯಕಾರಿಯೆಂದು ಅಕ್ಕಪಕ್ಕದ ಮರಗಳಿಗೂ ಕೊಡಲಿಯನ್ನು ತರುತ್ತಾರೆ. ಕೆಲವು ಮರಗಳು ಮುಪ್ಪಿನಿಂದಲೂ ರೋಗದಿಂದಲೂ ನಿಜವಾಗಿ ಅಪಾಯಕಾರಿಗಳಾಗುವುದುಂಟು. ಅವನ್ನು ಪರೀಕ್ಷಿಸಿ ತೆಗೆಯುವುದು ಅವಶ್ಯಕ. ಆದರೆ ಬೇರನ್ನು ಕಡಿದವರ ತಪ್ಪನ್ನು ಮರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಕಾಲೇಜುಗಳಿಗೆ ಒಂದು ಸೂಚನೆ

ಮೇಲಿನ ವಿಷಯಗಳನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಏಪ್ರಿಲ್ ತಿಂಗಳ ಒಂದು ನಿರ್ಮಲವಾದ ದಿನ ಅಪರಾಹ್ನ ಎರಡು ಗಂಟೆಗೆ ಕಾಲೇಜಿನ ಆವರಣದಲ್ಲಿ ಬಯಲಿನ ಒಂದು ಸ್ಥಳವನ್ನೂ ಮರದಡಿಯ ಒಂದು ಸ್ಥಳವನ್ನೂ ಆರಿಸಿಕೊಂಡು, ಎರಡು ಕಡೆಗಳಲ್ಲಿಯೂ ಗಾಳಿಯ ಮತ್ತು ನೆಲದ ಉಷ್ಣಮಾನಗಳನ್ನು ಅಳೆಯಬೇಕು. ಗಾಳಿಯನ್ನು ಅಳೆಯುವಾಗ ಉಷ್ಣಮಾಪಕದ ಮೇಲೆ ನೇರ ಬಿಸಿಲು ಬೀಳದಂತೆ ಮರೆಮಾಡದಿದ್ದರೆ ಎಣಿಕೆ ತಪ್ಪುತ್ತದೆ. ಅದೇ ಸ್ಥಳಗಳಲ್ಲಿ ರಾತ್ರಿ ಎಂಟು ಗಂಟೆಗೂ ಅಳೆದರೆ, ಹಗಲಿನ ನೆರಳು ರಾತ್ರಿಗೂ ಉಪಕರಿಸುವ ಬಗೆಯು ತಿಳಿಯುತ್ತದೆ.

ಇದರೊಡನೆ ಪ್ರತಿಯೊಂದು ಕಾಲೇಜೂ ತನ್ನ ಸುತ್ತಲಿನ ನಾಲ್ಕಾರು ಬೀದಿಗಳ ಮರಗಳಿಗೆ ಒಂದು ದಾಖಲೆಪುಸ್ತಕವನ್ನು ಇಡಬಹುದು. ಮರದ ಜಾತಿ, ಕಾಂಡದ ಸುತ್ತಳತೆ, ಹಂದರದ ವ್ಯಾಸ, ಬುಡದಲ್ಲಿ ತೆರೆದ ಮಣ್ಣು ಎಷ್ಟಿದೆ, ಅದರ ನೆರಳನ್ನು ಯಾರು ಬಳಸುತ್ತಾರೆ, ಅದನ್ನು ಯಾವಾಗ ನೆಟ್ಟರೆಂಬುದು ಬೀದಿಯ ಹಿರಿಯರಿಗೆ ನೆನಪಿದೆಯೆ, ಇವುಗಳನ್ನು ಬರೆದಿಟ್ಟು ಐದು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕು. ನಮ್ಮ ನಗರಗಳಲ್ಲಿ ಪ್ರತಿ ವರ್ಷವೂ ನೆಟ್ಟ ಸಸಿಗಳ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಉಳಿದ ಮರಗಳ ಸಂಖ್ಯೆಯನ್ನೂ ಉಳಿದ ನೆರಳಿನ ವಿಸ್ತಾರವನ್ನೂ ಪ್ರಕಟಿಸುವುದು ಅಪೂರ್ವ. ಆ ಎರಡನೆಯ ಲೆಕ್ಕವನ್ನು ಇಡುವ ಅಭ್ಯಾಸವು ಕಾಲೇಜುಗಳಿಂದಲೇ ಆರಂಭವಾಗಲಿ. ರಸ್ತೆಯನ್ನು ಅಗಲಿಸುವ ಪ್ರಸ್ತಾಪವು ಮುಂದೆ ಬಂದ ದಿನ, ಕಳೆಯಲಿರುವುದು ಎಷ್ಟು ಮರಗಳೆಂಬುದರ ಜೊತೆಗೆ ಎಷ್ಟು ಚದರ ಮೀಟರು ನೆರಳು, ಎಷ್ಟು ಜನರ ನೆರಳು ಎಂಬುದನ್ನೂ ನಾವು ಹೇಳಬಲ್ಲವರಾಗಿರುತ್ತೇವೆ.